ಅಂಗವಿಕಲರಿಗೂ ಅವರನ್ನು ನೋಡಿಕೊಳ್ಳುವವರಿಗೂ ನೆರವಾಗಲು ಬೇರೆ ಬೇರೆ ಸಂಸ್ಥೆಗಳನ್ನು ಜೊತೆಗೂಡಿಸುವುದು ಹೇಗೆ?

ಶಾಲೆ, ಆಸ್ಪತ್ರೆ, ಗ್ರಂಥಾಲಯ, ಸ್ವಯಂಸೇವಕರ ಗುಂಪು ಎಲ್ಲರನ್ನೂ ಸೇರಿಸಿ ಸಭೆ ಮಾಡಿದ್ದೀರಿ, ಎಲ್ಲರೂ ತಲೆಯಾಡಿಸಿ ಹೋಗಿದ್ದಾರೆ, ಕೆಲಸ ಮಾತ್ರ ಶುರುವಾಗಿಲ್ಲ, ಮುಂದೇನು ಅಂತ ಕೇಳಿದ್ದೀರಿ. ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ. ಅಮ್ಮನ ಜೊತೆ ನಾನೂ ಅವನನ್ನು ನೋಡಿಕೊಳ್ಳುತ್ತೇನೆ, ಇಂಥದ್ದೊಂದು ಗುಂಪಿನಲ್ಲೂ ಇದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಸಂಸ್ಥೆಗಳನ್ನು ಸ್ವಲ್ಪ ದಿನ ಬದಿಗಿಡಿ. ಮೊದಲು ಮನೆಗಳಿಗೆ ಹೋಗಿ. "ಏನು ಸಹಾಯ ಬೇಕು?" ಅಂತ ಕೇಳಿದರೆ "ಏನೂ ಬೇಡ, ಹೇಗೋ ನಡೀತಿದೆ" ಅನ್ನುತ್ತಾರೆ. "ದಿನದಲ್ಲಿ ಯಾವ ಹೊತ್ತು ಜಾಸ್ತಿ ಕಷ್ಟ?" ಅಂತ ಕೇಳಿ ನೋಡಿ. ಸ್ನಾನಕ್ಕೆ ಎತ್ತಿಕೊಂಡು ಹೋಗಲು ಇನ್ನೊಬ್ಬರು ಬೇಕು, ನನ್ನ ಹಲ್ಲುನೋವು ತೋರಿಸಿಕೊಳ್ಳಲೂ ಮನೆ ಬಿಡೋಕೆ ಆಗ್ತಿಲ್ಲ, ರಾತ್ರಿ ನಿದ್ದೆಯೇ ಇಲ್ಲ ಅಂತ ಒಂದೊಂದೇ ಹೊರಬರುತ್ತದೆ. ಅಂಗವೈಕಲ್ಯ ಇರುವವರನ್ನು ಬೇರೆಯಾಗಿ ಕೇಳಿ. ಅಮ್ಮನಿಗೆ ಮಗ ಮನೆಯಲ್ಲೇ ಇದ್ದರೆ ಸಮಾಧಾನ, ಮಗನಿಗೆ ಗೆಳೆಯರ ಜೊತೆ ತಿರುಗಾಡಬೇಕು. ಇಬ್ಬರ ಪಟ್ಟಿಯೂ ಒಂದೇ ಆಗಿರಬೇಕಿಲ್ಲ, ಅಲ್ವಾ? ಅಂಗವಿಕಲರ ವಿಷಯದಲ್ಲಿ ತೀರ್ಮಾನ ಮಾಡುವಾಗ ಅವರನ್ನೂ, ಅವರ ಸಂಘಟನೆಗಳನ್ನೂ ಜೊತೆಗಿಟ್ಟುಕೊಳ್ಳಬೇಕು ಎಂದು ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ವಿಶ್ವಸಂಸ್ಥೆಯ ಒಡಂಬಡಿಕೆಯೇ ಸರ್ಕಾರಗಳಿಗೆ ಹೇಳಿದೆ. ನಿಮ್ಮ ಗುಂಪಿಗೂ ಅದೇ ನಿಯಮ ಇರಲಿ. ಸಭೆಗೆ ಕರೆದು ಮುಂದಿನ ಸಾಲಲ್ಲಿ ಕೂರಿಸಿದರೆ ಸಾಲದು, ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವಾಗಲೂ ಅವರ ಮಾತು ನಡೆಯಬೇಕು.

ಆಮೇಲೆ ಸಂಸ್ಥೆಗಳ ಬಳಿ ಹೋಗಿ, ಒಬ್ಬೊಬ್ಬರಿಗೆ ಒಂದೇ ಒಂದು ಕೆಲಸ ಹೇಳಿ. "ಸಹಕಾರ ಕೊಡಿ" ಅಂದರೆ ಯಾರೂ ಇಲ್ಲ ಅನ್ನಲ್ಲ, ಏನೂ ಮಾಡಲ್ಲ. ಕ್ಲಿನಿಕ್‌ನವರಿಗೆ: ಜನಜಂಗುಳಿಯಲ್ಲಿ ಕಾಯಲಾಗದವರಿಗೆ ದಿನದ ಮೊದಲ ಸರದಿ ಕೊಡಿ. ಫಿಸಿಯೋಥೆರಪಿಸ್ಟ್‌ಗೆ: ಚಿಕಿತ್ಸೆ ಬೇಡ, ಸ್ವಯಂಸೇವಕರಿಗೆ ವೀಲ್‌ಚೇರ್‌ನಿಂದ ಹಾಸಿಗೆಗೆ ದಾಟಿಸುವುದನ್ನು ಕಲಿಸಿಕೊಡಿ. ಎರಡೂ ಬ್ರೇಕ್ ಹಾಕಬೇಕು, ಕಾಲಿಡುವ ಹಲಗೆಗಳನ್ನು ಮಡಚಬೇಕು, ಕಂಕುಳಿಗೆ ಕೈಹಾಕಿ ಎಳೆಯಬಾರದು, ಭುಜಕ್ಕೆ ಪೆಟ್ಟಾಗುತ್ತದೆ. ಇಷ್ಟು ಗೊತ್ತಿಲ್ಲದೆ ಒಳ್ಳೆ ಮನಸ್ಸಿನಿಂದ ಎತ್ತಲು ಬಂದವರೇ ಜಾಸ್ತಿ ಭಯ ಹುಟ್ಟಿಸುತ್ತಾರೆ. ಗ್ರಂಥಾಲಯದವರು ರ‍್ಯಾಂಪ್ ಕಟ್ಟಿಸುತ್ತೇವೆ ಅಂದರೆ, ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಎಂದು ಮೊದಲೇ ಹೇಳಿ. ಮೆಟ್ಟಿಲಿನ ಮೇಲೆ ಸಿಮೆಂಟ್ ಸುರಿದು ರ‍್ಯಾಂಪ್ ಅನ್ನುವವರು ಬೇಕಾದಷ್ಟಿದ್ದಾರೆ. ಕಟ್ಟಿದ ಮೇಲೆ ವೀಲ್‌ಚೇರ್ ಬಳಸುವವರೇ ಹತ್ತಿ ನೋಡಲಿ.

ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳದ್ದು ನೋಡಿಕೊಳ್ಳುವವರಿಗೆ ಸಿಗುವ ಬಿಡುವು. ಇದು ಐಷಾರಾಮವೇನಲ್ಲ. ಬಡ ಕುಟುಂಬಗಳಿಗೆ ಸರ್ಕಾರ ಕೊಡಬೇಕಾದ ನೆರವಿನಲ್ಲಿ ಹಣ, ತರಬೇತಿ, ಆಪ್ತಸಲಹೆಯ ಜೊತೆ ಇಂಥ ಬಿಡುವನ್ನೂ ಅದೇ ಒಡಂಬಡಿಕೆಯ 28ನೇ ವಿಧಿ ಸೇರಿಸಿದೆ. ಆದರೆ ಸ್ವಯಂಸೇವಕರು ಬಂದು ನಿಂತ ಕೂಡಲೇ ಯಾವ ತಾಯಿಯೂ ಮಗುವನ್ನು ಒಪ್ಪಿಸಿ ಹೊರಡುವುದಿಲ್ಲ. ಮೊದಲ ಕೆಲವು ಸಲ ಅವರು ಸುಮ್ನೆ ಜೊತೆಗೆ ಕೂತಿರಲಿ. ಆಮೇಲೆ ಅಮ್ಮ ಪಕ್ಕದ ಕೋಣೆಗೆ, ಆಮೇಲೆ ಗೇಟಿನ ತನಕ. ಬರುವವರು ಪ್ರತಿಸಲ ಅವರೇ ಆಗಿರಬೇಕು. ವಾರಕ್ಕೊಬ್ಬ ಹೊಸಬರು ಬಂದರೆ ಮನೆಯವರಿಗೆ ಅವರಿಗೆ ಕಲಿಸುವುದೇ ಇನ್ನೊಂದು ಕೆಲಸ.

ಬರುವವರು ಓದಿ ತಿಳಿದುಕೊಳ್ಳಲು ಒಂದು ಪುಟದ ಹಾಳೆ ಬರೆದಿಡಿ. ನನ್ನ ತಮ್ಮನ ಹಾಳೆಯಲ್ಲಿ ರೋಗದ ವಿವರ ಎರಡೇ ಸಾಲು. ಉಳಿದದ್ದು ಹೀಗಿದೆ: "ಹೌದು ಅನ್ನಲು ಕಣ್ಣು ಮೇಲೆತ್ತುತ್ತಾನೆ. ಉತ್ತರಕ್ಕೆ ಸಮಯ ಬೇಕು, ಮಧ್ಯೆ ಬಾಯಿ ಹಾಕಬೇಡಿ. ನೀರು ಕುಡಿಸುವಾಗ ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲಬಾರದು. ಕ್ರಿಕೆಟ್ ಬಗ್ಗೆ ಮಾತಾಡಿ, ಮಗುವಿನ ಹಾಗೆ ಮಾತಾಡಿಸಬೇಡಿ." ಕೊನೆಯ ಸಾಲು ಅವನೇ ಬರೆಸಿದ್ದು. ಈ ಹಾಳೆ ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನುವುದೂ ಅವನಿಗೇ ಬಿಟ್ಟದ್ದು.

ಏನಾದರೂ ಬಿಟ್ಟುಹೋಯಿತಾ ಅಂತ ನೋಡಲು ಅಂಗವಿಕಲರಿಗೆ ಅವರ ಊರಲ್ಲೇ ನೆರವು ಒದಗಿಸುವ ಕೆಲಸಕ್ಕಾಗಿ (ಸಮುದಾಯ ಆಧಾರಿತ ಪುನರ್ವಸತಿ) ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟ ಚೌಕಟ್ಟು ಸಾಕು. ಅದರಲ್ಲಿ ಐದು ಭಾಗ: ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ. ನಿಮ್ಮ ಜೊತೆಗಾರರ ಹೆಸರನ್ನು ಇವುಗಳ ಎದುರು ಬರೆಯಿರಿ. ಆರೋಗ್ಯದ ಎದುರು ಹೆಸರು ತುಂಬಿರುತ್ತದೆ, ಜೀವನೋಪಾಯದ ಎದುರು ಖಾಲಿ ಇರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಮುಂದೆ ಹುಡುಕಬೇಕಾದದ್ದು ಇನ್ನೊಬ್ಬ ಡಾಕ್ಟರನ್ನಲ್ಲ, ಕೆಲಸ ಕೊಡುವವರನ್ನು.

ಮನೆಯವರೂ ಸಂಸ್ಥೆಗಳೂ ಕರೆ ಮಾಡಿದಾಗ ಫೋನ್ ಎತ್ತಲು ಒಬ್ಬರನ್ನು ಗೊತ್ತು ಮಾಡಿ, ಆದಷ್ಟೂ ಸಂಬಳ ಕೊಟ್ಟೇ ಇಟ್ಟುಕೊಳ್ಳಿ. ದೇಣಿಗೆ ಕೊಡುವವರು ಫೋಟೋ ಕೇಳಿಯೇ ಕೇಳುತ್ತಾರೆ. ಫೋಟೋದಲ್ಲಿ ಇರಬೇಕಾದವರು ಒಪ್ಪಿದರೆ ಮಾತ್ರ, ಒಪ್ಪದಿದ್ದರೂ ನೆರವು ನಿಲ್ಲುವುದಿಲ್ಲ ಎಂದು ಹಣ ತೆಗೆದುಕೊಳ್ಳುವ ಮೊದಲೇ ಬರೆದು ಸಹಿ ಹಾಕಿಸಿಕೊಳ್ಳಿ.