ಹೊಸ ಕಿಟ್ ಹಾಕಿದ ಮೇಲೂ ಕಾರ್ಬುರೇಟರ್‌ನಿಂದ ಪೆಟ್ರೋಲ್ ಸೋರುತ್ತಿದೆ, ಏನು ಮಾಡಲಿ?

ಕಾರ್ಬುರೇಟರ್ ಬಿಚ್ಚಿ ತೊಳೆದು, ನೀಡಲ್ (ಪೆಟ್ರೋಲ್ ಒಳಬರುವ ದಾರಿ ಮುಚ್ಚುವ ಸೂಜಿ), ಗ್ಯಾಸ್ಕೆಟ್ ಎಲ್ಲ ಹೊಸದು ಹಾಕಿದ್ದೀರಿ. ಆದರೂ ಪೆಟ್ರೋಲ್ ಟ್ಯಾಪ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ಓವರ್‌ಫ್ಲೋ ಪೈಪಿನಿಂದ ತೊಟ್ಟಿಕ್ಕಲು ಶುರುವಾಗುತ್ತದೆ. ಎರಡು ಸಲ ಬಿಚ್ಚಿ ಜೋಡಿಸಿದರೂ ಹಾಗೇ ಇದೆ ಎಂದು ಬರೆದಿದ್ದೀರಿ. ಮೂರನೇ ಸಲ ಈಗಲೇ ಬಿಚ್ಚಬೇಡಿ. ಬೌಲಿನೊಳಗೆ (ಕಾರ್ಬುರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಪೆಟ್ರೋಲ್ ಎಲ್ಲಿಯವರೆಗೆ ಏರುತ್ತಿದೆ ಅನ್ನೋದು ಗೊತ್ತಾಗದೆ ಬಿಚ್ಚಿದರೆ ಸುಮ್ನೆ ಊಹೆಯ ಮೇಲೆ ಕೆಲಸ ಮಾಡಿದ ಹಾಗೆ.

ಅದಕ್ಕೂ ಮುಂಚೆ ಎಂಜಿನ್ ಆಯಿಲ್ ನೋಡಿ, ಇದನ್ನು ದಯವಿಟ್ಟು ಮರೆಯಬೇಡಿ. ಬೌಲ್ ತುಂಬಿ ಹರಿಯುವಾಗ ಎಲ್ಲಾ ಪೆಟ್ರೋಲ್ ಹೊರಗೇ ಬೀಳುತ್ತದೆ ಅಂತಿಲ್ಲ. ಇನ್‌ಟೇಕ್ ಕಡೆಯಿಂದ ಸಿಲಿಂಡರಿಗೆ ಇಳಿದು, ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಆಯಿಲ್ ಜೊತೆ ಸೇರಬಹುದು. ಆಯಿಲ್ ಮಟ್ಟ ಏರಿದ್ದರೆ, ತೆಳ್ಳಗಾಗಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಆ ಆಯಿಲ್‌ನಿಂದ ಬೇರಿಂಗ್ ಹಾಳಾಗುತ್ತದೆ. ಸಿಲಿಂಡರಿನಲ್ಲಿ ಪೆಟ್ರೋಲ್ ನಿಂತಿದ್ದರೆ ಪಿಸ್ಟನ್ ಅದಕ್ಕೆ ಬಡಿದು ಕನೆಕ್ಟಿಂಗ್ ರಾಡ್ ಬಾಗಲೂಬಹುದು. ಸೋರಿಕೆ ಸರಿಯಾದ ಮೇಲೆ ಆಯಿಲ್ ಬದಲಾಯಿಸಿ.

ಈಗ ಪರೀಕ್ಷೆ. ಬೌಲಿನ ಡ್ರೈನ್ ಮೂತಿಗೆ ಒಂದು ಪಾರದರ್ಶಕ ಪೈಪ್ ಸಿಕ್ಕಿಸಿ, ಅದನ್ನು ಮೇಲಕ್ಕೆ ಬಗ್ಗಿಸಿ ಕಾರ್ಬುರೇಟರ್ ಪಕ್ಕದಲ್ಲೇ ನೆಟ್ಟಗೆ ಹಿಡಿಯಿರಿ. ಗಾಡಿ ನೆಟ್ಟಗೆ ನಿಂತಿರಬೇಕು, ಸೈಡ್ ಸ್ಟ್ಯಾಂಡ್ ಬೇಡ. ಡ್ರೈನ್ ಸ್ಕ್ರೂ ಸಡಿಲಿಸಿ ಟ್ಯಾಪ್ ತೆರೆಯಿರಿ. ಬೌಲಿನಲ್ಲಿ ಎಷ್ಟು ಎತ್ತರ ಇದೆಯೋ ಪೈಪಿನಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಹೊರಗಡೆ ಗಾಳಿಯಾಡುವ ಜಾಗದಲ್ಲಿ ಮಾಡಿ, ಹತ್ತಿರ ಬೆಂಕಿ, ಕಿಡಿ ಏನೂ ಇರಬಾರದು.

ಪೈಪಿನಲ್ಲಿ ಪೆಟ್ರೋಲ್ ಎಲ್ಲೂ ನಿಲ್ಲದೆ ಏರುತ್ತಾ ಹೋದರೆ ನೀಡಲ್ ಇರುವ ಜಾಗದಲ್ಲಿ ಪೆಟ್ರೋಲ್ ನಿಲ್ಲುತ್ತಿಲ್ಲ ಎಂದರ್ಥ. ಹೊಸ ನೀಡಲ್ ಅಲ್ವಾ ಎಂದು ಅದನ್ನು ಬಿಟ್ಟುಬಿಡಬೇಡಿ. ಕಿಟ್‌ನಲ್ಲಿ ಬಂದ ನೀಡಲನ್ನು ಹಳೆಯದರ ಪಕ್ಕ ಇಟ್ಟು ಉದ್ದ ಹೋಲಿಸಿ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಟ್ಟ ಬದಲಾಗುತ್ತದೆ. ನೀಡಲ್ ಕೂರುವ ಸೀಟ್ ಹಳೆಯದೇ ಆಗಿದ್ದರೆ, ಅದರ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ಪೆಟ್ರೋಲಿನ ಕಂದು ಪದರ ಇದ್ದರೆ ಹತ್ತಿ ಸುತ್ತಿದ ಕಡ್ಡಿಗೆ ಮೆಟಲ್ ಪಾಲಿಶ್ ಹಚ್ಚಿ ಮೆತ್ತಗೆ ತಿರುಗಿಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ತಂತಿ, ಸ್ಯಾಂಡ್‌ಪೇಪರ್ ಬೇಡವೇ ಬೇಡ.

ನನ್ನ ಗಾಡಿಯಲ್ಲಿ ನೀಡಲ್ ಎರಡು ಸಲ ಬದಲಾಯಿಸಿದೆ, ಸೀಟ್ ಪಾಲಿಶ್ ಮಾಡಿದೆ, ಆದರೂ ಮಟ್ಟ ಏರುತ್ತಲೇ ಇತ್ತು. ಕೊನೆಗೆ ಸೀಟನ್ನೇ ಹೊರಗೆ ಎಳೆದು ನೋಡಿದರೆ, ಅದರ ಸುತ್ತ ಇರುವ ಪುಟ್ಟ ರಬ್ಬರ್ ಓ-ರಿಂಗ್ ಚಪ್ಪಟೆಯಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ನೀಡಲ್ ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು, ಪೆಟ್ರೋಲ್ ಸೀಟಿನ ಹೊರಮೈಯಿಂದ ನುಸುಳುತ್ತಿತ್ತು. ಸೀಟ್ ಬಿಚ್ಚಲು ಬರುವಂಥದ್ದಾದರೆ ನೀವು ಮೊದಲು ಅದನ್ನೇ ನೋಡಿ. ಎಷ್ಟೋ ಕಿಟ್‌ಗಳಲ್ಲಿ ಆ ರಿಂಗ್ ಇರುವುದೇ ಇಲ್ಲ.

ಪೆಟ್ರೋಲಿನ ಮೇಲೆ ತೇಲುತ್ತಾ ನೀಡಲನ್ನು ಒತ್ತುವ ಫ್ಲೋಟ್ ತೂತಾಗಿದ್ದರೂ ಇದೇ ಲಕ್ಷಣ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಇದ್ದರೆ ಸದ್ದು ಬರುತ್ತದೆ. ಹಿತ್ತಾಳೆ ಫ್ಲೋಟ್ ಆದರೆ ಬಿಸಿನೀರಿನಲ್ಲಿ ಮುಳುಗಿಸಿ, ತೂತು ಇರುವ ಕಡೆ ಗುಳ್ಳೆ ಏಳುತ್ತದೆ.

ಮಟ್ಟ ಒಂದು ಕಡೆ ನಿಲ್ಲುತ್ತದೆ, ಆದರೆ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ ಎಂದಾದರೆ ಅದು ಫ್ಲೋಟ್ ಎತ್ತರದ ವಿಷಯ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಎಷ್ಟು ಮಿಲಿಮೀಟರ್ ಎಂದು ಕೊಟ್ಟಿರುತ್ತಾರೆ. ಅಳೆಯುವಾಗ ಜಾಸ್ತಿ ಜನ ತಪ್ಪುವುದು ಒಂದೇ ಕಡೆ. ನೀಡಲ್ ಹಿಂಬದಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಪಿನ್ ಇರುತ್ತದೆ. ಕಾರ್ಬುರೇಟರನ್ನು ಪೂರ್ತಿ ತಲೆಕೆಳಗು ಮಾಡಿದರೆ ಫ್ಲೋಟಿನ ಭಾರಕ್ಕೆ ಆ ಪಿನ್ ಒಳಗೆ ಹೋಗಿ ಅಳತೆ ತಪ್ಪುತ್ತದೆ. ಓರೆಯಾಗಿ ಹಿಡಿದು, ಫ್ಲೋಟಿನ ನಾಲಿಗೆ (ಪಿನ್ ಒತ್ತುವ ಸಣ್ಣ ಪಟ್ಟಿ) ಪಿನ್ನಿಗೆ ಬರೀ ತಾಗಿದ ಜಾಗದಲ್ಲಿ ಅಳೆಯಿರಿ. ನಾಲಿಗೆ ಬಗ್ಗಿಸುವುದಾದರೆ ತುಂಬಾ ಸ್ವಲ್ಪ ಸ್ವಲ್ಪವೇ. ಕೆಲವು ಪ್ಲಾಸ್ಟಿಕ್ ಫ್ಲೋಟ್‌ಗಳಿಗೆ ಬಗ್ಗಿಸುವ ನಾಲಿಗೆಯೇ ಇಲ್ಲ, ಅಲ್ಲಿ ಸರಿಯಾದ ನೀಡಲ್ ಹುಡುಕುವುದೇ ದಾರಿ.

ಇನ್ನು ಮಟ್ಟ ಸರಿಯಾಗೇ ಇದೆ, ಆದರೂ ಸೋರುತ್ತದೆ. ಆಗ ಬೌಲಿನೊಳಗೆ ನಿಂತಿರುವ ಹಿತ್ತಾಳೆಯ ಓವರ್‌ಫ್ಲೋ ಕೊಳವೆಯ ಮೇಲೆ ನನಗೆ ಅನುಮಾನ. ಅದರಲ್ಲಿ ಉದ್ದಕ್ಕೆ ಸಣ್ಣ ಬಿರುಕು ಬಿಡುವುದುಂಟು, ಕಣ್ಣಿಗೆ ಸುಲಭವಾಗಿ ಕಾಣದು. ಬೌಲ್ ಬಿಚ್ಚಿ, ಡ್ರೈನ್ ಸ್ಕ್ರೂ ಬಿಗಿ ಮಾಡಿ, ಕೊಳವೆಯ ಬಾಯಿಗಿಂತ ಸ್ವಲ್ಪ ಕೆಳಗಿನವರೆಗೆ ಪೆಟ್ರೋಲ್ ತುಂಬಿ ಕಾಗದದ ಮೇಲೆ ಎತ್ತಿ ಹಿಡಿಯಿರಿ. ಕೆಳಗಿನ ಮೂತಿಯಿಂದ ಹನಿ ಬಿದ್ದರೆ ಬಿರುಕು ಅಥವಾ ಡ್ರೈನ್ ಸ್ಕ್ರೂ, ಎರಡರಲ್ಲೊಂದು. ಬಿರುಕಾದರೆ ಬೆಸುಗೆ ಹಾಕಬಹುದು, ಬೌಲ್ ಸಿಕ್ಕರೆ ಬದಲಾಯಿಸುವುದು ಇನ್ನೂ ಒಳ್ಳೆಯದು.

ಎರಡು, ನಾಲ್ಕು ಕಾರ್ಬುರೇಟರ್ ಜೋಡಿಸಿರುವ ಗಾಡಿಯಾದರೆ ಅವುಗಳ ನಡುವಿನ ಪೆಟ್ರೋಲ್ ಪೈಪಿನ ಓ-ರಿಂಗ್‌ಗಳನ್ನೂ ನೋಡಿ. ಅಲ್ಲಿ ಸೋರಿದ್ದು ಬೌಲ್ ಮೇಲೆ ಇಳಿದು ಬೌಲೇ ಸೋರುತ್ತಿದೆ ಅನ್ನಿಸುತ್ತದೆ.

ಎಲ್ಲ ಸರಿಯಾಗಿ ಒಂದೆರಡು ದಿನಕ್ಕೆ ಮತ್ತೆ ಸೋರಿದರೆ ಟ್ಯಾಂಕಿನ ಒಳಗೆ ತುಕ್ಕು ಇದೆಯಾ ನೋಡಿ. ಒಂದು ಕಣ ನೀಡಲ್ ತುದಿಯಲ್ಲಿ ಸಿಕ್ಕಿಕೊಂಡರೂ ಸಾಕು. ಪೈಪಿನಲ್ಲಿ ಎಷ್ಟು ಎತ್ತರಕ್ಕೆ ನಿಂತಿತು ಎಂದು ಇಲ್ಲೇ ಬರೆಯಿರಿ, ಮುಂದಿನದ್ದನ್ನು ಅದನ್ನು ನೋಡಿ ಹೇಳುತ್ತೇನೆ.