ಶಟ್‌ಡೌನ್ ಕೊಟ್ಟರೂ ಸಿಪಿಯು ಫ್ಯಾನ್ ನಿಲ್ಲುತ್ತಿಲ್ಲವೇ? ಮೊದಲು ಶಿಫ್ಟ್ ಒತ್ತಿ ನೋಡಿ

ವಿಂಡೋಸ್ 10 ಶಟ್‌ಡೌನ್ ಮಾಡಿದರೆ ಮಾನಿಟರ್ ಕಪ್ಪಾಗುತ್ತದೆ, ಆದರೆ ಸಿಪಿಯು ಫ್ಯಾನ್ ತಿರುಗುತ್ತಲೇ ಇರುತ್ತದೆ, ದಿನಾ ಪವರ್ ಬಟನ್ ಒತ್ತಿ ಹಿಡಿದೇ ಆಫ್ ಮಾಡಬೇಕು, ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬದಲಾಯಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬದಲಾಯಿಸಬೇಡಿ. ನಮ್ಮ ಮನೆಯ ಡೆಸ್ಕ್‌ಟಾಪಿಗೂ ಇದೇ ಕಾಯಿಲೆ ಇತ್ತು. ರಾತ್ರಿ ಶಟ್‌ಡೌನ್ ಕೊಟ್ಟು ಮಲಗಿದರೆ ಬೆಳಿಗ್ಗೆ ಕ್ಯಾಬಿನೆಟ್ ಮುಟ್ಟಿದರೆ ಬೆಚ್ಚಗಿರುತ್ತಿತ್ತು, ಮುಂದಿನ ನೀಲಿ ಲೈಟ್ ಉರಿಯುತ್ತಿತ್ತು. ರಿಪೇರಿಯವರು ಹೇಳಿದರು ಅಂತ ಹೊಸ ಎಸ್‌ಎಂಪಿಎಸ್ ಹಾಕಿಸಿದೆ. ಅವತ್ತು ರಾತ್ರಿಯೂ ಫ್ಯಾನ್ ತಿರುಗುತ್ತಲೇ ಇತ್ತು.

ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರ್ ಇದೆಯಲ್ವಾ, ಅದರಲ್ಲಿ ಸಾಮಾನ್ಯವಾಗಿ ಒಂದೇ ಒಂದು ಹಸಿರು ವೈರ್ ಇರುತ್ತದೆ. ಮದರ್‌ಬೋರ್ಡ್ ಅದನ್ನು ಗ್ರೌಂಡಿಗೆ ಸೇರಿಸಿ ಹಿಡಿದಷ್ಟು ಹೊತ್ತು ಎಸ್‌ಎಂಪಿಎಸ್ ಓಡುತ್ತದೆ, ಬಿಟ್ಟ ಕೂಡಲೇ ನಿಲ್ಲುತ್ತದೆ. ಬಿಡು ಅಂತ ಹೇಳಬೇಕಾದದ್ದು ವಿಂಡೋಸ್. ನೀವು ಬಟನ್ ನಾಲ್ಕು ಸೆಕೆಂಡ್ ಒತ್ತಿದಾಗ ಆಫ್ ಆಗುತ್ತಿದೆ, ಅಂದರೆ ಎಸ್‌ಎಂಪಿಎಸ್ ಸರಿಯಾಗಿ ಮಾತು ಕೇಳುತ್ತಿದೆ. ಹೇಳುವವರೇ ಹೇಳುತ್ತಿಲ್ಲ ಅಷ್ಟೆ. ಇದು ನನಗೆ ಹೊಳೆದದ್ದು ದುಡ್ಡು ಹೋದ ಮೇಲೆ.

ಶಿಫ್ಟ್ ಕೀ ಒತ್ತಿ ಹಿಡಿದುಕೊಂಡೇ ಶಟ್‌ಡೌನ್ ಕ್ಲಿಕ್ ಮಾಡಿ. ಈಗ ಪೂರ್ತಿ ಆಫ್ ಆದರೆ ತೊಂದರೆ ಇರುವುದು ಫಾಸ್ಟ್ ಸ್ಟಾರ್ಟಪ್‌ನಲ್ಲಿ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ಸೌಲಭ್ಯ ಇದು. ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದೇ ಇಲ್ಲ. ತನ್ನ ಕರ್ನಲ್, ಅಂದರೆ ತಿರುಳು ಭಾಗದ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರ್ಧ ಹೈಬರ್ನೇಟ್ ಆಗುತ್ತದೆ, ಅಂದರೆ ಅರ್ಧ ನಿದ್ದೆಗೆ ಹೋದ ಹಾಗೆ. ಯಾವುದೋ ಹಳೇ ಡ್ರೈವರ್ (ಯಂತ್ರದ ಭಾಗಗಳನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ಅದಕ್ಕೆ ಹೊಂದದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಎಡಗಡೆ ಪವರ್ ಬಟನ್‌ಗಳ ಬಗ್ಗೆ ಇರುವ ಲಿಂಕ್ ಒತ್ತಿ. ಫಾಸ್ಟ್ ಸ್ಟಾರ್ಟಪ್ ಮಸುಕಾಗಿ ಕಾಣುತ್ತದೆ. ಮೇಲಿನ 'ಚೇಂಜ್ ಸೆಟ್ಟಿಂಗ್ಸ್' ಸಾಲು ಒತ್ತಿದರೆ ಟಿಕ್ ತೆಗೆಯಲು ಬರುತ್ತದೆ. ತೆಗೆದು ಸೇವ್ ಮಾಡಿ. ಆನ್ ಆಗಲು ಕೆಲವು ಸೆಕೆಂಡ್ ಜಾಸ್ತಿ ಹಿಡಿಯಬಹುದು, ಎಸ್‌ಎಸ್‌ಡಿ ಇದ್ದರೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯಲ್ಲಿ ಇಷ್ಟಕ್ಕೇ ಸರಿಹೋಯಿತು.

ಶಿಫ್ಟ್ ಒತ್ತಿದರೂ ಆಫ್ ಆಗದಿದ್ದರೆ ಮದರ್‌ಬೋರ್ಡ್ ಕಂಪನಿಯ ಸೈಟಿನಿಂದ ಹೊಸ ಚಿಪ್‌ಸೆಟ್ ಡ್ರೈವರ್ ಹಾಕಿ. ಇಂಟೆಲ್ ಬೋರ್ಡ್ ಆದರೆ ಮ್ಯಾನೇಜ್‌ಮೆಂಟ್ ಎಂಜಿನ್ ಡ್ರೈವರನ್ನೂ ಹಾಕಿ. ಫ್ಯಾನ್ ನಿಂತ ಮೇಲೂ ಮೌಸ್ ಲೈಟ್ ಉರಿಯುತ್ತಿದ್ದರೆ ಸುಮ್ನೆ ಹೆದರಬೇಡಿ, ಅದು ಯಾವಾಗಲೂ ಇರುವ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್.

ಅಲ್ಲಿಯವರೆಗೆ ಹಾರ್ಡ್‌ಡಿಸ್ಕ್ ಲೈಟ್ ಮಿನುಗುತ್ತಿರುವಾಗ ಮಾತ್ರ ಬಟನ್ ಒತ್ತಿ ಹಿಡಿಯಬೇಡಿ. ಶಿಫ್ಟ್ ಪರೀಕ್ಷೆಯಲ್ಲಿ ಏನಾಯಿತು ಅಂತ ಬೋರ್ಡಿನ ಮಾಡೆಲ್ ಜೊತೆ ತಿಳಿಸಿ.