ಮೂರು ಪದಕ್ಕೂ ಒಂದೇ ‘ಗಣನೀಯ’: ಒಂದು ಆಪ್ತಸಲಹೆ ಪ್ರಕರಣ

ಹಾಸನದ ಖಾಸಗಿ ಆಸ್ಪತ್ರೆಯೊಂದರಲ್ಲಿ ಏಳು ವರ್ಷಗಳಿಂದ ಸ್ಟಾಫ್ ನರ್ಸ್ ಆಗಿರುವ, ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಕಳೆದ ಮಳೆಗಾಲದ ಆರಂಭದಲ್ಲಿ ನನ್ನ ಬಳಿ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಹೆಸರನ್ನು ಹೇಳುವುದಿಲ್ಲ. ಮೊದಲ ಭೇಟಿಯ ಚೀಟಿಯಲ್ಲಿ ಅವರು ಬರೆದುಕೊಟ್ಟ ತೊಂದರೆಗಳು ಮೂರು: ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಮೂರನೆಯದರ ಕೆಳಗೆ ಎರಡು ಗೆರೆ ಎಳೆದಿದ್ದರು.

ಬ್ರಿಟನ್ನಿಗೆ ಕೆಲಸಕ್ಕೆ ಹೋಗಬೇಕೆಂಬುದು ಅವರ ಗುರಿ. ಅಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಬೇಕೆಂದರೆ ಅಲ್ಲಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ಗೆ ಇಂಗ್ಲಿಷ್ ಬರುತ್ತದೆಂಬ ಪುರಾವೆ ಕೊಡಬೇಕು. ಐಇಎಲ್‌ಟಿಎಸ್ ಪರೀಕ್ಷೆಯ ಮೂಲಕ ಕೊಡುವುದಾದರೆ ಓದು, ಆಲಿಸುವಿಕೆ ಮತ್ತು ಮಾತಿನಲ್ಲಿ ತಲಾ 7, ಬರವಣಿಗೆಯಲ್ಲಿ 6.5 ಬ್ಯಾಂಡ್ (ಆ ಪರೀಕ್ಷೆಯ ಅಂಕದ ಮಟ್ಟ) ಬೇಕು. ಇವರು ಎರಡು ಸಲ ಬರೆದಿದ್ದರು. ಮಾತು, ಬರವಣಿಗೆ ಎರಡೂ ದಾಟಿ, ಓದು ಮತ್ತು ಆಲಿಸುವಿಕೆಯಲ್ಲಿ ಎರಡು ಸಲವೂ 6.5ಕ್ಕೆ ನಿಂತಿದ್ದರು. ಆ ಎರಡು ವಿಭಾಗಗಳಲ್ಲಿ 40 ಪ್ರಶ್ನೆಗಳ ಪೈಕಿ 30ರಷ್ಟು ಸರಿಯಾದರೆ 7 ಬರುತ್ತದೆ ಎಂಬುದನ್ನು ನೋಡಿದರೆ, ಅವರ ದಾರಿಗೆ ಅಡ್ಡ ನಿಂತದ್ದು ಎರಡೋ ಮೂರೋ ಉತ್ತರಗಳು. ಆದರೆ ಶುಲ್ಕಕ್ಕೂ ತರಬೇತಿಗೂ ಅತ್ತೆಯವರ ಬಳೆಗಳು ಗಿರವಿಗೆ ಹೋಗಿದ್ದವು. ಹಾಗಾಗಿ ಆ ಅರ್ಧ ಬ್ಯಾಂಡ್ ಮನೆಯಲ್ಲಿ ಅರ್ಧ ಬ್ಯಾಂಡ್ ಆಗಿ ಉಳಿದಿರಲಿಲ್ಲ.

ಎರಡನೆಯ ಫಲಿತಾಂಶ ಬಂದಾಗ ತರಬೇತಿ ಕೊಡುತ್ತಿದ್ದವರು “ನಿಮ್ಮ ವೊಕ್ಯಾಬುಲರಿ ವೀಕು” ಎಂದು ಒಂದು ಮಾತು ಹೇಳಿದ್ದರು. ಅಂದಿನಿಂದ ಇವರು ಮೊಬೈಲ್ ಆ್ಯಪ್ ಒಂದರಲ್ಲಿ ‘ಬಿಟ್ಟ ಸ್ಥಳ ತುಂಬಿರಿ’ ಮಾದರಿಯ ಪ್ರಶ್ನೆಗಳನ್ನು ದಿನಕ್ಕೆ 300ರಂತೆ ಮಾಡುತ್ತ ಬಂದಿದ್ದರು. ಒಂದು ವಾಕ್ಯ, ನಡುವೆ ಒಂದು ಖಾಲಿ, ಕೆಳಗೆ ನಾಲ್ಕು ಆಯ್ಕೆ. ರಾತ್ರಿ ಪಾಳಿ ಮುಗಿಸಿ ಬಂದು, ಮಗುವನ್ನು ಅಂಗನವಾಡಿಗೆ ಕಳಿಸಿ, ಮಲಗಬೇಕಾದ ಹೊತ್ತಿನಲ್ಲಿ ನೂರು. ಉಳಿದ ಇನ್ನೂರು ಅಡುಗೆಮನೆಯಲ್ಲಿ, ಬಸ್ಸಿನಲ್ಲಿ, ಪಾಳಿಯ ನಡುವಿನ ಬಿಡುವಿನಲ್ಲಿ. 300 ಮುಗಿಯದ ದಿನ ನಿದ್ದೆ ಮಾಡುವ ಹಕ್ಕೇ ತಮಗಿಲ್ಲ ಎಂಬಂತೆ ಮಾತನಾಡಿದರು.

ಪದಗಳ ಚರ್ಚೆಗೆ ಮೊದಲು ದೇಹದ ತಪಾಸಣೆ ಆಗಲಿ ಎಂದೆ. ಎದೆಬಡಿತವನ್ನು ಆತಂಕವೆಂದು ನಾನೇ ತೀರ್ಮಾನಿಸುವುದು ಸರಿಯಲ್ಲವಾದ್ದರಿಂದ ಥೈರಾಯಿಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕಂಡು ಬರಲು ತಿಳಿಸಿದೆ. ರಕ್ತ ಸ್ವಲ್ಪ ಕಡಿಮೆಯಿತ್ತು, ಅದಕ್ಕೆ ಮಾತ್ರೆ ಕೊಟ್ಟರು, ಉಳಿದದ್ದೆಲ್ಲ ಸರಿಯಿತ್ತು. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದರೆಂಬುದು ಆಮೇಲೆ ತಿಳಿಯಿತು. ನಮ್ಮ ಜಿಲ್ಲೆಯಲ್ಲಿ ಇದನ್ನು ಯಾರೂ ತೊಂದರೆಯೆಂದು ಚೀಟಿಯಲ್ಲಿ ಬರೆಯುವುದಿಲ್ಲ.

ಎರಡನೆಯ ಭೇಟಿಯಲ್ಲಿ, ದಿನವೂ ಮಾಡುವಂತೆಯೇ ಹತ್ತು ಪ್ರಶ್ನೆಗಳನ್ನು ನನ್ನ ಎದುರಿಗೆ ಮಾಡಲು ಕೇಳಿಕೊಂಡೆ. ನಾನು ಪರದೆಯನ್ನು ನೋಡಲಿಲ್ಲ, ಅವರ ಕೈ ಮತ್ತು ಹೆಗಲನ್ನು ನೋಡುತ್ತಿದ್ದೆ. ಒಂದೊಂದು ಪ್ರಶ್ನೆಗೆ ನಾಲ್ಕೈದು ಸೆಕೆಂಡು. ಉತ್ತರ ತಪ್ಪಾಗಿ ಕೆಂಪು ಬಣ್ಣ ಬಂದ ಕೂಡಲೇ, ಯಾರೋ ಹಿಂದಿನಿಂದ ಗದರಿದಂತೆ, ಎರಡೂ ಹೆಗಲು ಕಿವಿಯವರೆಗೆ ಏರುತ್ತಿದ್ದವು. ಮೂರು ಕಡೆ ವಾಕ್ಯ ಓದಿ ಮುಗಿಸುವ ಮೊದಲೇ ಬೆರಳು ಒತ್ತಿಯಾಗಿತ್ತು. ಕಾರಣ ಕೇಳಿದರೆ, “ಇದು ಮೊದ್ಲೇ ಬಂದಿತ್ತು ಮೇಡಂ, ಉತ್ತರ ಸಿ” ಎಂದರು. ಅವರಿಗೆ ನೆನಪಿದ್ದದ್ದು ಪದವಲ್ಲ, ಉತ್ತರವಿದ್ದ ಜಾಗ. ಹಳೆಯ ಪ್ರಶ್ನೆಗಳಲ್ಲಿ ನೂರಕ್ಕೆ ತೊಂಬತ್ತು, ಹೊಸ ಪ್ರಶ್ನೆಗಳಲ್ಲಿ ಐವತ್ತೈದು ಬರುತ್ತಿದ್ದುದೇಕೆ ಎಂಬುದು ಅಲ್ಲಿಗೆ ಬಗೆಹರಿಯಿತು.

ಜೊತೆಗೆ 200 ಪುಟಗಳ ಒಂದು ಲಾಂಗ್ ನೋಟ್‌ಬುಕ್ ತಂದಿದ್ದರು. ನಡುವೆ ಸ್ಕೇಲಿನಲ್ಲಿ ಎಳೆದ ಗೆರೆ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಒಂದೇ ಪುಟದಲ್ಲಿ ಸಬ್‌ಸ್ಟ್ಯಾನ್ಷಿಯಲ್ ಎಂಬುದರ ಎದುರಿಗೆ ‘ಗಣನೀಯ’, ಕನ್ಸಿಡರಬಲ್ ಎದುರಿಗೆ ‘ಗಣನೀಯ’, ಸಿಗ್ನಿಫಿಕೆಂಟ್ ಎದುರಿಗೂ ‘ಗಣನೀಯ’. ಅರ್ಥ ತಪ್ಪೆಂದು ಹೇಳುವಂತಿಲ್ಲ. ಆದರೆ ಆ್ಯಪ್ ಈ ಮೂರನ್ನೂ ಒಟ್ಟಿಗೆ ಆಯ್ಕೆಯಾಗಿ ಮುಂದಿಟ್ಟಾಗ ಈ ನೋಟ್‌ಬುಕ್ ಅವರಿಗೆ ಏನನ್ನೂ ಹೇಳಲಾರದು. ಮೂರು ತಿಂಗಳು ಶ್ರದ್ಧೆಯಿಂದ ಬರೆದದ್ದು ಬೇಕಾದ ಕ್ಷಣದಲ್ಲಿ ಕೈಕೊಟ್ಟಾಗ ಮನುಷ್ಯರು ಪುಸ್ತಕವನ್ನು ಅನುಮಾನಿಸುವುದಿಲ್ಲ, ತಮ್ಮ ತಲೆಯನ್ನು ಅನುಮಾನಿಸುತ್ತಾರೆ. “ನಾನು ಕನ್ನಡ ಮೀಡಿಯಂ ಮೇಡಂ, ನನ್ ತಲೇಲಿ ಇಷ್ಟೇ ಹಿಡಿಯೋದು” ಎಂಬ ಮಾತು ಬಂದದ್ದು ಈ ಪುಟ ತೆರೆದಿದ್ದಾಗಲೇ.

ನಾನು ಇಂಗ್ಲಿಷ್ ಮೇಡಂ ಅಲ್ಲ. ಆದರೂ ಬಿಟ್ಟ ಸ್ಥಳ ಎಂಬ ಈ ವಿಧಾನದ ಹುಟ್ಟಿನ ಸಂಗತಿಯೊಂದನ್ನು ಅವರಿಗೆ ಹೇಳಿದೆ, ಏಕೆಂದರೆ ಅವರ ಆತಂಕಕ್ಕೆ ಅದು ನೇರವಾಗಿ ಸಂಬಂಧಿಸಿತ್ತು. 1953ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕದ ಸಂಶೋಧಕರು ಬರಹದಿಂದ ನಡುನಡುವೆ ಪದಗಳನ್ನು ತೆಗೆದು, ಓದುಗರಿಂದ ಅವನ್ನು ತುಂಬಿಸುವ ‘ಕ್ಲೋಜ್’ ಎಂಬ ಕ್ರಮವನ್ನು ಪ್ರಕಟಿಸಿದರು. ಅವರು ಅಳೆಯಹೊರಟದ್ದು ಓದುವವರ ಯೋಗ್ಯತೆಯನ್ನಲ್ಲ, ಬರಹ ಎಷ್ಟು ಸುಲಭ ಅಥವಾ ಕಠಿಣ ಎಂಬುದನ್ನು. ಭಾಷಾ ಪರೀಕ್ಷೆಗಳು ಅದನ್ನು ಓದುಗರ ಕಡೆಗೆ ತಿರುಗಿಸಿದ್ದು ಆಮೇಲೆ. ಖಾಲಿ ಜಾಗವನ್ನು ತುಂಬಿಸುವುದು ಅಕ್ಕಪಕ್ಕದ ಪದಗಳು ಎಂಬುದೇ ಆ ಕ್ರಮದ ತಳಹದಿ. ಅಕ್ಕಪಕ್ಕವನ್ನು ಓದದೆ ಬೆರಳು ಒತ್ತಿದರೆ ಆ ಅಭ್ಯಾಸ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ.

ಇದನ್ನು ಬಾಯಿಮಾತಿನಲ್ಲಿ ಬಿಡದೆ, ಒಂದು ಹಾಳೆಯಲ್ಲಿ ಕನ್ನಡದ ಐದು ವಾಕ್ಯಗಳನ್ನು ಬರೆದು, ಕ್ರಿಯಾಪದದ ಜಾಗ ಖಾಲಿ ಬಿಟ್ಟು ಕೊಟ್ಟೆ. ಅಜ್ಜಿ ದೇವರ ಮುಂದೆ ದೀಪ… ಅಮ್ಮ ಬಾವಿಯಿಂದ ನೀರು… ಮಾವ ಜಗುಲಿಯಲ್ಲಿ ಕೂತು ಬೀಡಿ… ರಾತ್ರಿಯೆಲ್ಲ ಮಳೆ… ಆಳುಗಳು ತೋಟದಲ್ಲಿ ಕಾಫಿ ಹಣ್ಣು… ಅವರು ನಗುತ್ತಲೇ ಬರೆದರು: ಹಚ್ಚಿದರು, ಸೇದಿದರು, ಸೇದಿದರು, ಹೊಯ್ತು, ಕುಯ್ದರು. “ನೀರಿಗೂ ಬೀಡಿಗೂ ಒಂದೇ ‘ಸೇದು’ ಬರುತ್ತದೆ, ಆದರೆ ಕಾಫಿಗೆ ಬರುವುದಿಲ್ಲ ಎಂದು ಯಾವ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಿರಿ?” ಎಂದು ಕೇಳಿದೆ. ಆಮೇಲೆ ಅವರ ವೃತ್ತಿಯ ಇಂಗ್ಲಿಷಿನ ವಾಕ್ಯಗಳನ್ನು ಆಯ್ಕೆಗಳಿಲ್ಲದೆ ಕೊಟ್ಟೆ. ಪೆನಿಸಿಲಿನ್‌ಗೆ ಅಲರ್ಜಿಕ್ ಎಂಬಲ್ಲಿ ‘ಟು’, ಎದೆನೋವಿನ ದೂರು ಹೇಳುವ ಕಂಪ್ಲೇನ್ಸ್ ಮುಂದೆ ‘ಆಫ್’, ಡಯಾಗ್ನೋಸ್ಡ್ ಮುಂದೆ ‘ವಿತ್’, ಇಂಜೆಕ್ಷನ್ ವಾಸ್ ಎಂದ ಮೇಲೆ ‘ಅಡ್ಮಿನಿಸ್ಟರ್ಡ್’. ಒಂಬತ್ತರಲ್ಲಿ ಒಂಬತ್ತೂ ಸರಿ. ಏಳು ವರ್ಷ ಕೇಸ್ ಶೀಟ್ ಬರೆದ ಕೈ ಅದು. ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, “ಇದನ್ನ ನಾನು ಇಂಗ್ಲಿಷ್ ಅಂತ ಅಂದ್ಕೊಂಡೇ ಇರ್ಲಿಲ್ಲ” ಎಂದರು.

ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಆ ದಿನದ ಉತ್ಸಾಹದಲ್ಲಿ, ಆ್ಯಪನ್ನು ಪೂರ್ತಿ ತೆಗೆದುಹಾಕಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಅವರು ಇನ್ನಷ್ಟು ಸೊರಗಿ ಬಂದರು. ತೆಗೆದುಹಾಕಿದ ಎರಡನೆಯ ದಿನವೇ ಮತ್ತೆ ಹಾಕಿಕೊಂಡು, ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು 300 ಮುಗಿಸುತ್ತಿದ್ದರಂತೆ. ಈಗ ಮನೆಯವರ ಜೊತೆಗೆ ನನಗೂ ಮುಚ್ಚಿಡುವ ಭಾರ ಅವರ ಮೇಲೆ ಬಿದ್ದಿತ್ತು. ಭಯಕ್ಕೆ ಕಟ್ಟಿಕೊಂಡ ಊರುಗೋಲನ್ನು ಕಸಿದುಕೊಳ್ಳುವ ಅವಸರ ಮಾಡಿದೆನೆಂದು ಒಪ್ಪಿಕೊಂಡು, ಆ ಸಲಹೆಯನ್ನು ಹಿಂತೆಗೆದುಕೊಂಡೆ.

ಬದಲಿಗೆ ಇಬ್ಬರೂ ಸೇರಿ ಅವರ ಹಳೆಯ ಅಭ್ಯಾಸ ಪತ್ರಿಕೆಗಳನ್ನು ಬಿಡಿಸಿ, ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿದೆವು. ಐಇಎಲ್‌ಟಿಎಸ್‌ನಲ್ಲಿ ಶಬ್ದಭಂಡಾರಕ್ಕೆಂದೇ ಬೇರೆ ಪತ್ರಿಕೆ ಇಲ್ಲ. ಆಲಿಸುವ ವಿಭಾಗದಲ್ಲಿ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ, ಖಾಲಿ ಜಾಗಕ್ಕೆ ಕೇಳಿದ ಪದವನ್ನು ತಾವೇ ಬರೆಯಬೇಕು, ಕಾಗುಣಿತ ತಪ್ಪಿದರೆ ಅಂಕವಿಲ್ಲ. ಎರಡು ಪದ ಮೀರಬಾರದು ಎಂದಿರುವಲ್ಲಿ ಮೂರು ಬರೆದರೂ ಅಂಕವಿಲ್ಲ. ಓದಿನ ವಿಭಾಗದ ಖಾಲಿ ಜಾಗಗಳಿಗೆ ಪದ ಬಹುಪಾಲು ಕೊಟ್ಟ ಗದ್ಯದಲ್ಲೇ ಇರುತ್ತದೆ, ಕೆಲವೊಮ್ಮೆ ಒಂದು ಪಟ್ಟಿಯಲ್ಲಿರುತ್ತದೆ. ಬಿಡಿ ವಾಕ್ಯ ಕೊಟ್ಟು ನಾಲ್ಕರಲ್ಲಿ ಒಂದು ಪದ ಆರಿಸಿ ಎನ್ನುವ ಪ್ರಶ್ನೆ ಆ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಒಂದು ಆಲಿಸುವ ಪತ್ರಿಕೆಯ ಹನ್ನೊಂದು ತಪ್ಪುಗಳಲ್ಲಿ ನಾಲ್ಕು ಕಾಗುಣಿತದವು ಅಥವಾ ಬಹುವಚನದ ‘ಎಸ್’ ಬಿಟ್ಟವು. ಅಕಾಮೊಡೇಷನ್ ಎಂಬುದರಲ್ಲಿ ಎರಡು ‘ಸಿ’ ಸರಿಯಾಗಿ ಬಂದು, ಎರಡು ‘ಎಂ’ ಇರಬೇಕಾದಲ್ಲಿ ಒಂದೇ ಇತ್ತು. ಪದವೇ ಗೊತ್ತಿಲ್ಲದೆ ತಪ್ಪಿದ್ದು ಎರಡು. ಉಳಿದ ಐದು ಸಾಲಾಗಿ ಖಾಲಿ.

ಆ ಐದು ಖಾಲಿಗಳ ಬಗ್ಗೆ ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಮೊದಲನೆಯದು ಕೇಳಿಸಲಿಲ್ಲವಂತೆ. ‘ಹೋಯಿತು, ಈ ಸಲವೂ ಹೋಯಿತು’ ಎಂದು ಮನಸ್ಸು ಅಲ್ಲೇ ನಿಂತುಬಿಟ್ಟಿತು, ಧ್ವನಿ ಮುಂದೆ ಹೋಯಿತು, ಅತ್ತೆಯವರ ಬರಿಗೈ ಕಣ್ಣಿಗೆ ಬಂತು; ಮತ್ತೆ ಕಿವಿ ತೆರೆದುಕೊಳ್ಳುವ ಹೊತ್ತಿಗೆ ನಾಲ್ಕು ಪ್ರಶ್ನೆ ದಾಟಿಯಾಗಿತ್ತು. ಅಂದರೆ ಅವರ ಅಂಕವನ್ನು ತಿಂದದ್ದು ಪದದಾರಿದ್ರ್ಯವಲ್ಲ. ದಿನಕ್ಕೆ 300 ಸಲ ಕೆಂಪು ಬಣ್ಣಕ್ಕೆ ಬೆಚ್ಚುವುದನ್ನೇ ಅಭ್ಯಾಸ ಮಾಡಿದವರು ಪರೀಕ್ಷೆಯ ಕೋಣೆಯಲ್ಲಿಯೂ ಬೆಚ್ಚಿದರು ಎಂದು ನನಗನ್ನಿಸಿತು, ಹಾಗೆಂದೇ ಅವರಿಗೂ ಹೇಳಿದೆ.

ನಾಲ್ಕನೆಯ ಭೇಟಿಗೆ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ, ದಿನವೂ ರಾತ್ರಿ ಊಟದ ಹೊತ್ತಿನಲ್ಲಿ “ಇವತ್ತು ಎಷ್ಟು ಪರ್ಸೆಂಟ್ ಬಂತು?” ಎಂದು ಕೇಳುವುದನ್ನು ಪ್ರೋತ್ಸಾಹವೆಂದೇ ತಿಳಿದಿದ್ದರು. ಅದಕ್ಕೆ ಉತ್ತರ ಕೊಟ್ಟವರು ಹೆಂಡತಿಯೇ, ನಾನಲ್ಲ: “ಜ್ವರ ಬಂದೋರಿಗೆ ಹತ್ತು ನಿಮಿಷಕ್ಕೊಂದ್ಸಲ ಥರ್ಮಾಮೀಟರ್ ಇಟ್ಟಂಗೆ ಆಗುತ್ತೆ ರೀ.” ವಾರಕ್ಕೊಮ್ಮೆ, ಭಾನುವಾರ, ಅವರಾಗಿಯೇ ಹೇಳಿದರೆ ಕೇಳುವುದು, ಇಲ್ಲವಾದರೆ ಬಿಡುವುದು ಎಂದು ಒಪ್ಪಂದವಾಯಿತು. ಅತ್ತೆಯವರನ್ನು ನಾನು ಕಾಣಲೇ ಇಲ್ಲ. ಬಳೆಯ ಮಾತನ್ನು ಅವರು ಒಮ್ಮೆಯೂ ಎತ್ತಿರಲಿಲ್ಲವೆಂಬುದು ಗಂಡನಿಂದ ತಿಳಿಯಿತು.

ಅಭ್ಯಾಸದ ವಿಷಯದಲ್ಲಿ ನಾನು ಕೊಟ್ಟ ಸಲಹೆ ಹೀಗಿತ್ತು. ಆ್ಯಪ್ ಇರಲಿ, ದಿನಕ್ಕೆ 20 ಪ್ರಶ್ನೆ ಸಾಕು. ಆದರೆ ಆಯ್ಕೆಗಳನ್ನು ಒಂದು ಹಳೆಯ ಬಸ್ ಟಿಕೆಟ್ಟೋ ಕಾರ್ಡೋ ಇಟ್ಟು ಮುಚ್ಚಿ, ವಾಕ್ಯವನ್ನು ಪೂರ್ತಿ ಓದಿ, ಖಾಲಿ ಜಾಗಕ್ಕೆ ತಮ್ಮದೇ ಒಂದು ಪದ ಯೋಚಿಸಿದ ಮೇಲೆಯೇ ಮುಚ್ಚಿದ್ದನ್ನು ತೆಗೆಯಬೇಕು. ತಪ್ಪಾದದ್ದನ್ನು ನೋಟ್‌ಬುಕ್ಕಿಗೆ ಇಳಿಸುವಾಗ ಅರ್ಥದ ಪಕ್ಕದಲ್ಲಿ ಮೂರನೆಯ ಕಾಲಂ ಎಳೆದು, ಆ ಪದ ಯಾರ ಜೊತೆ ಕೂರುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ, ಸಾಧ್ಯವಾದರೆ ವಾರ್ಡಿನ ವಾಕ್ಯದಲ್ಲಿ ಬರೆಯಬೇಕು. ಅದನ್ನು ಅಂದೇ ಹತ್ತು ಸಲ ಉರುಹೊಡೆಯುವ ಬದಲು ಮೂರನೆಯ ದಿನ ಒಮ್ಮೆ, ಮರುವಾರ ಒಮ್ಮೆ ನೆನಪಿನಿಂದ ತೆಗೆದು ನೋಡಬೇಕು. ಕಲಿತದ್ದರ ಹೆಚ್ಚು ಭಾಗ ಮೊದಲ ದಿನಗಳಲ್ಲೇ ಜಾರುತ್ತದೆಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ದರು, ಮರೆವು ಇವರೊಬ್ಬರ ತಲೆಯ ದೋಷವಲ್ಲ. ರಾತ್ರಿ ಪಾಳಿಯಿಂದ ಬಂದ ಬೆಳಿಗ್ಗೆ ಓದು ಪೂರ್ತಿ ನಿಷಿದ್ಧ, ಮೊದಲು ನಿದ್ದೆ. ಕಾಫಿ ಮೂರು ಲೋಟಕ್ಕೆ ಇಳಿಯಬೇಕು, ಪಾಳಿಯ ಕೊನೆಯ ನಾಲ್ಕು ಗಂಟೆಯಲ್ಲಿ ಒಂದೂ ಬೇಡ. ಆಲಿಸುವ ಅಭ್ಯಾಸದಲ್ಲಿ ಪ್ರತಿ ಸಲ ಒಂದು ಖಾಲಿಯನ್ನು ಬೇಕೆಂದೇ ಬಿಟ್ಟು, ಅಲ್ಲೊಂದು ಅಡ್ಡಗೆರೆ ಎಳೆದು, ಮುಂದಿನ ಪ್ರಶ್ನೆಗೆ ಬೆರಳಿಡಬೇಕು. ಈ ಕೊನೆಯದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು; ಮೊದಲ ವಾರ ಬಿಟ್ಟ ಸ್ಥಳವನ್ನು ಬಿಟ್ಟೇ ಮುಂದೆ ಹೋಗುವಾಗ ಕೈ ನಡುಗುತ್ತಿತ್ತೆಂದು ಹೇಳಿದರು.

300 ನಿಲ್ಲಿಸಿದರೆ ಎಲ್ಲವೂ ಮರೆತುಹೋಗುತ್ತದೆಂಬ ನಂಬಿಕೆ ಮಾತಿನಿಂದ ಹೋಗುವಂಥದ್ದಾಗಿರಲಿಲ್ಲ. ಆದ್ದರಿಂದ ಅವರೇ ಒಪ್ಪಿದ ನಾಲ್ಕು ದಿನ ಒಂದು ಪ್ರಶ್ನೆಯನ್ನೂ ಮಾಡದೆ, ಐದನೆಯ ದಿನ ನನ್ನ ಮುಂದೆ 40 ಪದಗಳನ್ನು ಪರೀಕ್ಷಿಸಿಕೊಂಡರು: 20 ಹಳೆಯ ಎರಡು ಕಾಲಮಿನವು, 20 ವಾಕ್ಯದೊಂದಿಗೆ ಬರೆದವು. ಮೊದಲನೆಯದರಲ್ಲಿ 9, ಎರಡನೆಯದರಲ್ಲಿ 17 ನೆನಪಿದ್ದವು. ಒಬ್ಬರ ಮೇಲೆ ಒಂದು ದಿನ ಮಾಡಿದ್ದನ್ನು ಸಂಶೋಧನೆ ಎನ್ನಲಾಗದು. ಅವರ ಭಯಕ್ಕೆ ಅಷ್ಟು ಸಾಕಾಯಿತು.

ನಡುವೆ ಒಮ್ಮೆ, ಒಇಟಿ ಪರೀಕ್ಷೆಗೆ ಬದಲಾಗಲೇ ಎಂದು ಕೇಳಿದರು. ಆರೋಗ್ಯ ಕ್ಷೇತ್ರದವರಿಗೆಂದೇ ಇರುವ ಅದನ್ನೂ ಬ್ರಿಟನ್ನಿನ ಕೌನ್ಸಿಲ್ ಒಪ್ಪುತ್ತದೆ. ಅಲ್ಲಿ ಬರವಣಿಗೆಗೆ ಸಿ ಪ್ಲಸ್, ಉಳಿದ ಮೂರಕ್ಕೆ ಬಿ ಬೇಕು. ಆಲಿಸುವಿಕೆಯ ಮೊದಲ ಭಾಗದಲ್ಲಿ ರೋಗಿಯ ಮಾತು ಕೇಳಿ ಟಿಪ್ಪಣಿಯ ಖಾಲಿ ಜಾಗಗಳನ್ನು ತುಂಬುವುದಿರುತ್ತದೆ, ಅದು ಅವರ ದಿನನಿತ್ಯದ ಕೆಲಸಕ್ಕೆ ಹತ್ತಿರ. ಯಾವುದು ಎಂದು ಹೇಳುವುದು ನನ್ನ ಕೆಲಸವಲ್ಲ ಎಂದೆ. ಎರಡರ ಮಾದರಿ ಪತ್ರಿಕೆಗಳನ್ನು ಒಂದೊಂದು ಭಾನುವಾರ ಬರೆದು ನೋಡಿ, ಫಲಿತಾಂಶ ಬಂದ ರಾತ್ರಿ ಮಾತ್ರ ಯಾವ ತೀರ್ಮಾನವನ್ನೂ ಮಾಡಬೇಡಿ ಎಂದಷ್ಟೇ ಸೂಚಿಸಿದೆ. ಶುಲ್ಕ ಕಟ್ಟಿಯಾಗಿದ್ದರಿಂದ ಮೂರನೆಯ ಸಲವೂ ಐಇಎಲ್‌ಟಿಎಸ್‌ಗೇ ಕೂತರು.

ಪರೀಕ್ಷೆ ಬೆಂಗಳೂರಿನಲ್ಲಿ ನಡೆಯಿತು. ಓದಿನಲ್ಲಿ 7.5 ಬಂತು, ಆಲಿಸುವಿಕೆಯಲ್ಲಿ ಮತ್ತೆ 6.5. ಏಳನೆಯ ಭೇಟಿಗೆ ಫಲಿತಾಂಶದ ಹಾಳೆಯನ್ನು ಮಡಿಸಿ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಬಂದಿದ್ದರು. ಅದನ್ನು ತೋರಿಸುವ ಮೊದಲು, ಆಲಿಸುವಾಗ ಎರಡು ಕಡೆ ಅಡ್ಡಗೆರೆ ಎಳೆದು ಮುಂದೆ ಹೋದದ್ದನ್ನು ಹೇಳಿದರು. ಹಿಂದಿನ ರಾತ್ರಿ ಆರು ಗಂಟೆ ನಿದ್ದೆ ಬಂದಿತ್ತಂತೆ. ಸಿಗ್ನಿಫಿಕೆಂಟ್ ಎಂಬ ಪದದ ಮೂರನೆಯ ಕಾಲಮಿನಲ್ಲಿ ‘ರೋಗಿಯ ಹಿಂದಿನ ಕಾಯಿಲೆಗಳಲ್ಲಿ ಹೇಳುವಂಥದ್ದು ಏನೂ ಇಲ್ಲ’ ಎಂಬರ್ಥದ, ಅವರು ಏಳು ವರ್ಷದಿಂದ ಬರೆಯುತ್ತ ಬಂದ ಕೇಸ್ ಶೀಟಿನ ಸಾಲಿತ್ತು.

ಮುಂದಿನ ಪರೀಕ್ಷೆಯ ದಿನಾಂಕವನ್ನು ಇನ್ನೂ ಗೊತ್ತುಮಾಡಿಲ್ಲ. ಮುಂದಿನ ಭೇಟಿಯನ್ನು ಹಾಸನಾಂಬೆಯ ದರ್ಶನ ಮುಗಿದು ಬಾಗಿಲು ಹಾಕಿದ ಮೇಲೆ ಇಟ್ಟುಕೊಂಡೆವು, ಏಕೆಂದರೆ ಆ ದಿನಗಳಲ್ಲಿ ಊರು ತುಂಬಿರುತ್ತದೆ, ಅವರಿಗೆ ಆಸ್ಪತ್ರೆಯಿಂದ ರಜೆ ಸಿಗುವುದಿಲ್ಲ.